ಮೂರೂವರೆ ಬೆರಳು

ನನ್ನ ಕಂಪ್ಯೂಟರಿನಲ್ಲಿ ‘ಸ್ಫೂರ್ತಿ’ ಅಂತ ಒಂದು ಫೋಲ್ಡರಿದೆ. ಅದರೊಳಗೆ ಸಾವಿರಕ್ಕೂ ಮೇಲ್ಪಟ್ಟು ಚಿತ್ರಗಳಿವೆ. ಯಾರು ಯಾರೋ, ಯಾವ ಯಾವ ದೇಶದವರೋ, ಕೋಡ್ ಬರೆದು ಮೂಡಿಸಿದ ಅಲೆಗಳು, ಸುಳಿಗಳು, ಗೆರೆಯ ಮೇಲೆ ಗೆರೆ ಬಿದ್ದು ಎದ್ದ ಬೆಟ್ಟಗಳು. ಭಾನುವಾರ ಬಟ್ಟೆ ಒಣಹಾಕಿ ಬಂದು ಕೂತರೆ ಮಧ್ಯಾಹ್ನದ ಮುದ್ದೆ ತಣ್ಣಗಾಗುವವರೆಗೂ ಅವನ್ನು ಕೂಡಿಹಾಕುತ್ತಿದ್ದೆ. ಒಂದನ್ನೂ ನಾನು ಎರಡನೇ ಸಲ ತೆಗೆದು ನೋಡಿದವಳಲ್ಲ.

ಸಲಕರಣೆಗಳದ್ದೂ ಅದೇ ಕಥೆ. ಬ್ರೌಸರಿನಲ್ಲೇ ಚಿತ್ರ ಬಿಡಿಸುವ ಒಂದು, ಬಣ್ಣ ಹೊಂದಿಸಿಕೊಡುವ ಇನ್ನೊಂದು, ಗೆರೆ ನಡುಗಿಸುವುದಕ್ಕೆ ಮತ್ತೊಂದು. ಪುಕ್ಕಟೆ ಸಿಗುತ್ತದೆ ಅಂದರೆ ಸಾಕು, ಇಳಿಸಿಕೊಂಡುಬಿಡುತ್ತಿದ್ದೆ. ಚಿತ್ರ ಯಾಕೆ ಬರಲಿಲ್ಲ ಅಂದರೆ ಸಲಕರಣೆ ಸರಿಯಿಲ್ಲ; ಸಲಕರಣೆ ಬಂದಮೇಲೂ ಯಾಕಿಲ್ಲ ಅಂದರೆ ಸ್ಫೂರ್ತಿ ಬಂದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲದ ಜೊತೆಗೆ ಗೆಜ್ಜೆಯನ್ನೂ ಬೈಯುತ್ತಿದ್ದೆ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಹದಿನಾಲ್ಕು ವರ್ಷದಿಂದ ಅದೇ ಪುಸ್ತಕ, ಅದೇ ಪ್ರೋಗ್ರಾಮುಗಳು. ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವುದು ಹೇಗೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಇಷ್ಟು ವರ್ಷದಲ್ಲಿ ನಾನೇ ಮಾಡಿದ್ದು, ಇದು ನನ್ನದು ಎಂದು ಎದೆ ಮೇಲೆ ಕೈ ಇಟ್ಟು ಹೇಳುವಂಥದ್ದು ಒಂದೂ ಇರಲಿಲ್ಲ. ಕೋಡಿನಿಂದ ಚಿತ್ರ ಬಿಡಿಸುತ್ತಾರೆ ಎಂದು ಗೊತ್ತಾದಾಗ ನನಗೆ ಆಸೆ ಹುಟ್ಟಿದ್ದು ಆ ಕಾರಣಕ್ಕೆ. ಅದರಲ್ಲಿ ಕುಂಚ ಹಿಡಿಯುವುದಿಲ್ಲ. ‘ಇಲ್ಲಿಂದ ಹೊರಡು, ಇಷ್ಟು ದೂರ ಹೋಗು, ಒಂಚೂರು ತಿರುಗು, ಇದನ್ನೇ ಸಾವಿರ ಸಲ ಮಾಡು’ ಎಂದು ಕಂಪ್ಯೂಟರಿಗೆ ಬರೆದುಕೊಡುವುದು, ಅಷ್ಟೇ. ಚಿತ್ರ ಬರೆಯಲು ಬಾರದ ನನಗೆ ಇದು ಹೇಳಿ ಮಾಡಿಸಿದ ಕೆಲಸ ಅನ್ನಿಸಿತ್ತು.

ನಮ್ಮ ಕಾಲೇಜಿನಲ್ಲಿ ಇಂಥ ಚಿತ್ರಗಳ ಪ್ರದರ್ಶನ ಮಾಡೋಣ, ಮೈಸೂರಿನಿಂದ ತೀರ್ಪುಗಾರರನ್ನು ಕರೆಸೋಣ, ಮೇಷ್ಟರುಗಳೂ ಭಾಗವಹಿಸಲಿ ಎಂದು ಪ್ರಿನ್ಸಿಪಾಲರು ಹೇಳಿದ ದಿನ ನಾನೇ ಮೊದಲು ಹೆಸರು ಕೊಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಾನು ಯಾವಾಗಲೂ ಮುಂದು.

ಚಿತ್ರಕ್ಕೆ ಬೇಕಾದದ್ದು ಸಿಕ್ಕಿದ್ದು ಆತಗೂರು ಕಡೆಯ ಒಂದು ಹಳ್ಳಿಯಲ್ಲಿ. ನಮ್ಮ ದೊಡ್ಡಮ್ಮನ ಮನೆಯಲ್ಲಿ ಗೃಹಪ್ರವೇಶ ಇತ್ತು. ಊಟ ಮುಗಿಸಿ ಎಲೆಅಡಿಕೆ ಹಿಡಿದು ಹೊರಗೆ ಬಂದರೆ ಎದುರು ಮನೆಯ ಗೋಡೆಗೆ ಒಂದು ಚಂದ್ರಿಕೆ ಒರಗಿಸಿಟ್ಟಿದ್ದರು. ರೇಷ್ಮೆ ಹುಳು ಗೂಡು ಕಟ್ಟುವುದಕ್ಕೆ ಬಿಡುವ ಬಿದಿರ ತಟ್ಟಿ ಅದು. ಆಳುದ್ದದ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ನಿಲ್ಲಿಸಿ, ನಡುವಿನಿಂದ ಅಂಚಿನವರೆಗೆ ಸುರುಳಿ ಸುತ್ತಿರುತ್ತಾರೆ. ಈಗ ಪ್ಲಾಸ್ಟಿಕ್ಕಿನವು ಬಂದು ಇವು ಕಡಿಮೆಯಾಗಿವೆ. ನಮ್ಮಪ್ಪ ಶಿವನಸಮುದ್ರದಲ್ಲಿ ಕರೆಂಟು ಕೆಲಸದಲ್ಲಿದ್ದವರು, ನಾನು ಕ್ವಾರ್ಟರ್ಸಿನಲ್ಲಿ ಬೆಳೆದವಳು. ಚಂದ್ರಿಕೆಯನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದರೂ ನೋಡಿರಲಿಲ್ಲ. ಆವತ್ತು ಇಳಿಬಿಸಿಲು ಅಡ್ಡಲಾಗಿ ಬಿದ್ದು, ಸುರುಳಿಯ ಒಂದೊಂದು ಸುತ್ತಿನ ನೆರಳೂ ಪಕ್ಕದ ಸುತ್ತಿನ ಮೇಲೆ ಬಿದ್ದಿತ್ತು. ನಾನು ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನೂ ಮರೆತು ಫೋಟೋ ತೆಗೆದೆ.

ಮನೆಗೆ ಬಂದು ಕೋಡ್ ಬರೆದೆ. ಸುರುಳಿ ಬರೆಸುವುದು ಹತ್ತು ಸಾಲಿನ ಕೆಲಸ. ಬಂತು. ಆದರೆ ಸತ್ತ ಹಾಗಿತ್ತು. ಸೊಳ್ಳೆ ಬತ್ತಿಯ ಪೊಟ್ಟಣದ ಮೇಲಿರುತ್ತದಲ್ಲ, ಹಾಗೆ. ಸುತ್ತು ಸುತ್ತಿನ ನಡುವೆ ಬಿಡುವ ಜಾಗವನ್ನು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ, ಬಣ್ಣ ಬದಲಾಯಿಸಿದೆ, ನಡುಗಿಸಿದೆ. ನನ್ನ ಬಳಿ ಇದ್ದ ಸಲಕರಣೆಗಳನ್ನೆಲ್ಲ ಒಂದೊಂದಾಗಿ ತಂದು ಅದರ ಮೇಲೆ ಸುರಿದೆ. ಎರಡು ವಾರ ಆದಮೇಲೂ ಅದು ಸೊಳ್ಳೆ ಬತ್ತಿಯೇ. ಆ ಗೋಡೆಗೆ ಒರಗಿದ್ದ ಚಂದ್ರಿಕೆಯಲ್ಲಿ ಇದ್ದದ್ದು ನನ್ನದರಲ್ಲಿ ಏನಿಲ್ಲ ಎಂದು ನನಗೆ ತಿಳಿಯಲಿಲ್ಲ.

ಕ್ಲಾಸಿನಲ್ಲಿ ಕೇಳಿದೆ: “ನಿಮ್ಮಲ್ಲಿ ಯಾರಿಗಾದರೂ ಚಂದ್ರಿಕೆ ಹೆಣೆಯುವವರು ಗೊತ್ತಾ?” ಅರವತ್ತು ಮಕ್ಕಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಒಂದು ಕೈಯೂ ಏಳಲಿಲ್ಲ.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದಾಗ ಒಬ್ಬ ಹುಡುಗಿ ಬಂದಳು. ಎರಡನೇ ವರ್ಷದವಳು, ಮದ್ದೂರಿನವಳು, ಮಂಡ್ಯದ ಹಾಸ್ಟೆಲ್ಲಿನಲ್ಲಿ ಇರುವವಳು ಎನ್ನುವುದಷ್ಟೇ ಗೊತ್ತಿತ್ತು. ಬಾಗಿಲ ಹತ್ತಿರವೇ ನಿಂತು, “ಮೇಡಂ, ನಮ್ಮಮ್ಮ ಹೆಣೀತಾರೆ” ಎಂದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅವಳು ಒಂದು ಹೆಜ್ಜೆ ಒಳಗೆ ಬಂದು ಇನ್ನೂ ಸಣ್ಣ ದನಿಯಲ್ಲಿ, “ಆದ್ರೆ ಕ್ಲಾಸಲ್ಲಿ ಯಾರಿಗೂ ಹೇಳಬೇಡಿ ಮೇಡಂ. ಹಾಸ್ಟೆಲ್ಲಲ್ಲಿ ನಮ್ಮಮ್ಮಂಗೆ ಅಂಗಡಿ ಇದೆ ಅಂತ ಹೇಳಿದೀನಿ” ಎಂದಳು. ನಾನು ಮಾತು ಕೊಟ್ಟೆ. ಆ ಹುಡುಗಿ ಯಾರಿಗೂ ಹೇಳದ್ದನ್ನು ನನ್ನ ಕೈಗೆ ಕೊಟ್ಟಿದ್ದಳು. ಆವತ್ತು ನನಗೆ ಕಂಡಿದ್ದು ನನ್ನ ಸುರುಳಿ ಮಾತ್ರ.

ಶನಿವಾರ ಅವಳ ಜೊತೆ ಮದ್ದೂರಿಗೆ ಹೋದೆ. ಮೇದರ ಬೀದಿಯಲ್ಲಿ ಅವರ ಮನೆ. ಬಾಗಿಲ ಮುಂದೆ ಹಸಿ ಬಿದಿರಿನ ವಾಸನೆ, ಕಾಲಿಟ್ಟ ಕಡೆಯೆಲ್ಲ ಸೀಳು, ಚಕ್ಕೆ. ಅವಳ ತಾಯಿ ಕಾಲಿನ ಹೆಬ್ಬೆರಳಿನಲ್ಲಿ ಬಿದಿರ ಸೀಳನ್ನು ಒತ್ತಿಹಿಡಿದು ಕತ್ತಿಯಲ್ಲಿ ಹೆರೆಯುತ್ತಾ ಕೂತಿದ್ದರು. ನನ್ನನ್ನು ಕಂಡು ಎದ್ದು ಸೆರಗಿನಲ್ಲಿ ಕುರ್ಚಿ ಒರೆಸಿದರು.

“ಕುಂತ್ಕಳಿ ಮೇಡಮ್ಮೋರೆ. ಚಂದ್ರಿಕೆ ನೋಡಕ್ಕೆ ಮಂಡ್ಯದಿಂದ ಬಂದವ್ರಂತೆ ಅಂದ್ರೆ ನಗ್ತಾರೆ ಜನ” ಎಂದು ತಾವೇ ನಕ್ಕರು.

ಸುತ್ತಿನ ನಡುವೆ ಎಷ್ಟು ಜಾಗ ಬಿಡುತ್ತೀರಿ, ಯಾವ ಅಳತೆಕೋಲು ಇಟ್ಟುಕೊಳ್ಳುತ್ತೀರಿ ಎಂದು ಕೇಳಿದೆ.

“ಕೋಲೆಲ್ಲದೆ? ಇಗಾ, ಇದೇ ಕೋಲು” ಎಂದು ಎಡಗೈ ಎತ್ತಿ ತೋರಿಸಿದರು. ನಡುಬೆರಳಿನ ಗಿಣ್ಣು ದಪ್ಪಗೆ ಊದಿಕೊಂಡು ಒಂದು ಕಡೆಗೆ ವಾಲಿತ್ತು. ಮದುವೆಯಾದ ಹೊಸದರಲ್ಲಿ ಕತ್ತಿ ತಾಗಿ ಹಾಗಾಯಿತಂತೆ. “ಒಳ್ಗಡೆ ಮೂರು ಬೆಳ್ಳು. ಕಡೇ ಎರಡು ಸುತ್ತಿಗೆ ಮೂರೂವರೆ.” ಮೂರು ಬೆರಳು ಜೋಡಿಸಿ, ಕಿರುಬೆರಳನ್ನು ಅರ್ಧ ಮಡಿಸಿ ಪಕ್ಕಕ್ಕೆ ಒತ್ತಿ ತೋರಿಸಿದರು. ಆ ಮಡಿಸಿದ ಕಿರುಬೆರಳೇ ಅರ್ಧ.

“ಕಡೇ ಎರಡಕ್ಕೆ ಮಾತ್ರ ಯಾಕಮ್ಮ?”

“ಹಣ್ಣಾದ ಉಳ ಬುಟ್ಟ ಜಾಗದಲ್ಲೇ ಕೂತ್ಕತ್ತದಾ? ಅಂಚಿಗೆ ಓಯ್ತದೆ. ಎಲ್ಲವೂ ಅಲ್ಲೇ ಓಗಿ ನೂಕಾಡ್ತವೆ. ಇಕ್ಕಟ್ಟಾಯ್ತು ಅಂದ್ರೆ ಎರಡುಳ ಸೇರ್ಕಂಡು ಒಂದೇ ಗೂಡು ಕಟ್ಬುಡ್ತವೆ. ಜೋಡಿಗೂಡು ಯಾರ್ಗೆ ಬೇಕು? ನೂಲು ನೆಟ್ಟಗೆ ಬಿಚ್ಚಾಕಿಲ್ಲ ಕಣವ್ವ. ಅದ್ಕೇ ಅಂಚಲ್ಲಿ ಒಂದೀಟು ಸಡ್ಲ ಬುಡೋದು. ಬೇರೆಯೋರು ಬುಡಾಕಿಲ್ಲ. ನಾ ಬುಡ್ತೀನಿ.”

ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಹಣ್ಣಾದ ಹುಳು ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದೂ ಆಗಲೇ. ನಾನು ಬ್ಯಾಗಿನಿಂದ ಸ್ಕೇಲು ತೆಗೆದು ಅವರ ಮೂರು ಬೆರಳು ಅಳೆದೆ, ಮೂರೂವರೆ ಬೆರಳು ಅಳೆದೆ, ಫೋನಿನಲ್ಲಿ ಬರೆದುಕೊಂಡೆ. ಅವರು ಕೈಯನ್ನು ಚಾಚಿಕೊಂಡೇ ಇದ್ದರು, ಬಳೆಗಾರನ ಮುಂದೆ ಚಾಚಿದ ಹಾಗೆ. ಮಗಳು ಕಾಫಿ ತಂದುಕೊಟ್ಟು ಬಾಗಿಲಿನಿಂದ ಬೀದಿಯ ಆಚೆ ಈಚೆ ನೋಡುತ್ತಿದ್ದಳು. ಕಾಲೇಜಿನವರು ಯಾರಾದರೂ ಬಂದುಬಿಟ್ಟರೆ ಎಂಬ ದಿಗಿಲು ಅವಳಿಗೆ.

ಸಂಜೆ ಮನೆಗೆ ಬಂದು ಕೋಡಿನಲ್ಲಿ ಎರಡೇ ಎರಡು ಸಂಖ್ಯೆ ಬದಲಾಯಿಸಿದೆ. ಮೂರು ಬೆರಳಿನದೊಂದು, ಮೂರೂವರೆ ಬೆರಳಿನದೊಂದು. ಸೊಳ್ಳೆ ಬತ್ತಿ ಹೋಯಿತು, ಚಂದ್ರಿಕೆ ಬಂತು. ನಡುವಿನಿಂದ ಬಿಗಿಯಾಗಿ ಹೊರಟು ಅಂಚಿಗೆ ಬರುವಾಗ ಸುರುಳಿ ಸುಧಾರಿಸಿಕೊಂಡ ಹಾಗೆ ಕಾಣುತ್ತಿತ್ತು. ನಾನು ಕುರ್ಚಿಯಲ್ಲಿ ಕೂರಲಾರದೆ ಅಡುಗೆಮನೆಗೂ ಕಂಪ್ಯೂಟರಿಗೂ ಹತ್ತು ಸಲ ಓಡಾಡಿದೆ. ಸಾವಿರ ಚಿತ್ರ ಕೂಡಿಹಾಕಿದ ಆ ಫೋಲ್ಡರಿನಲ್ಲಿ ಇಲ್ಲದ್ದು ಒಂದು ಕೈಯಲ್ಲಿ ಸಿಕ್ಕಿತ್ತು. ಹಾಗೆ ಅನ್ನಿಸಿದ್ದು ನಿಜ. ಆದರೆ ಅದು ನಾಲ್ಕು ದಿನ ಕೂಡ ಉಳಿಯಲಿಲ್ಲ. ಬುಧವಾರದ ಹೊತ್ತಿಗೆ ಆ ಎರಡು ಸಂಖ್ಯೆಗಳು ನನ್ನವೇ ಆಗಿಬಿಟ್ಟಿದ್ದವು.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಕ್ಲಾಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಯಾವ ಪ್ರೋಗ್ರಾಂ ಬರೆದರೂ ಮೇಲೆ ಮೂರು ಸಾಲು ಬರೆಯಬೇಕು: ಯಾರು ಬರೆದದ್ದು, ಏನು ಮಾಡುತ್ತದೆ, ಎಲ್ಲಿಂದ ತಂದದ್ದು. ಕಂಪ್ಯೂಟರು ಆ ಸಾಲುಗಳನ್ನು ಓದುವುದಿಲ್ಲ; ಅವು ಇರುವುದು ಮನುಷ್ಯರಿಗೆ. ಮೂರನೆಯ ಸಾಲು ಬಿಟ್ಟವರ ಲ್ಯಾಬ್ ರೆಕಾರ್ಡಿನ ಮೇಲೆ ನಾನು ಕೆಂಪು ಶಾಯಿಯಲ್ಲಿ ‘ನಕಲು’ ಎಂದು ಬರೆದು ಕ್ಲಾಸಿನ ಮುಂದೆ ನಿಲ್ಲಿಸಿದ್ದೂ ಉಂಟು. ನನ್ನ ಚಂದ್ರಿಕೆಯ ಫೈಲಿನಲ್ಲಿ ಎರಡೇ ಸಾಲಿತ್ತು. ಮೂರನೆಯದನ್ನು ಬರೆಯಲು ಹೋಗಿ, ಹುಡುಗಿ ಹೇಳಬೇಡಿ ಅಂದಿದ್ದಾಳಲ್ಲ ಎಂದು ನೆನಪಾಗಿ ಬಿಟ್ಟೆ. ಎಂಥ ಅನುಕೂಲದ ನೆನಪು! ಶಾಸ್ತ್ರ ಹೇಳುವುದು, ಬದನೆಕಾಯಿ ತಿನ್ನುವುದು ಅಂದರೆ ಇದೇ. ‘ಮದ್ದೂರಿನ ಒಬ್ಬ ತಾಯಿಯ ಕೈಯಳತೆ’ ಎಂದು ಬರೆದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಮಂಡ್ಯದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಅದನ್ನು ನಿಜವಾದ ಚಂದ್ರಿಕೆಯಷ್ಟೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಹುಟ್ಟುಹಬ್ಬದ ಫ್ಲೆಕ್ಸುಗಳ ಮಧ್ಯೆ ಇದು ಹೊರಗೆ ಬಂದಾಗ ಅಂಗಡಿಯವನು, “ಇದೇನ್ ಮೇಡಂ, ಯಾರ್ದೂ ಫೋಟೋನೇ ಇಲ್ವಲ್ಲ” ಅಂದ. ನಾನು ನಕ್ಕೆ.

ಪ್ರದರ್ಶನದ ಹಿಂದಿನ ದಿನ ಹಾಲಿನಲ್ಲಿ ಸ್ಟೂಲ್ ಮೇಲೆ ಹತ್ತಿ ಫ್ಲೆಕ್ಸಿಗೆ ಹಗ್ಗ ಕಟ್ಟುತ್ತಿದ್ದೆ. ಆ ಹುಡುಗಿ ಬಂದಳು. ಮುಖ ಎಂದಿನಂತಿರಲಿಲ್ಲ, ಏನೋ ಗೆದ್ದು ಬಂದ ಹಾಗೆ ಇತ್ತು. “ಮೇಡಂ, ನಾಳೆ ನಮ್ಮಮ್ಮನ್ನ ಕರ್ಕೊಂಡು ಬರ್ತೀನಿ. ಫ್ರೆಂಡ್ಸ್‌ಗೆಲ್ಲ ಹೇಳಿಬಿಟ್ಟೆ, ಇದರ ಅಳತೆ ನಮ್ಮಮ್ಮಂದು ಅಂತ. ನೀವೂ ಹೇಳಬಹುದು ಮೇಡಂ, ಪರವಾಗಿಲ್ಲ” ಎಂದಳು. ನಾನು ಹಲ್ಲಿನಲ್ಲಿ ಹಗ್ಗ ಕಚ್ಚಿಕೊಂಡು “ಹ್ಞೂಂ” ಅಂದೆ. ಆ ಗಡಿಬಿಡಿಯಲ್ಲಿ ಅವಳು ಅಂದದ್ದು ಕೇಳಿಸಲೇ ಇಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ. ಸುಳ್ಳು. ಕೇಳಿಸಿತ್ತು. ಒಂದು ಅಕ್ಷರವೂ ಬಿಡದೆ ಕೇಳಿಸಿತ್ತು.

ಮಾರನೇ ದಿನ ಬೆಳಿಗ್ಗೆ ಹಾಲ್ ತುಂಬಿತ್ತು. ತೀರ್ಪುಗಾರರು ಒಂದೊಂದೇ ಚಿತ್ರ ನೋಡುತ್ತಾ ಬಂದು ನನ್ನದರ ಮುಂದೆ ನಿಂತರು. ಪ್ರಿನ್ಸಿಪಾಲರು, ಸಹೋದ್ಯೋಗಿಗಳು, ಮಕ್ಕಳು ಎಲ್ಲ ಸುತ್ತ ನೆರೆದರು. ತೀರ್ಪುಗಾರರಲ್ಲಿ ವಯಸ್ಸಾದವರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು: “ನಿಮ್ಮ ಸುರುಳಿ ಎಲ್ಲ ಒಂದೇ ಸಮ ಇಲ್ಲ. ಹೊರಗಿನ ಎರಡು ಸುತ್ತಿನಲ್ಲಿ ಜಾಗ ಜಾಸ್ತಿ ಬಿಟ್ಟಿದ್ದೀರಿ. ಇದರ ಜೀವ ಇರೋದೇ ಅಲ್ಲಿ. ಈ ಅಳತೆ ಹೇಗೆ ಹೊಳೀತು?”

ಹದಿನಾಲ್ಕು ವರ್ಷದಲ್ಲಿ ಯಾರೂ ನನ್ನನ್ನು ‘ಹೇಗೆ ಹೊಳೀತು’ ಎಂದು ಕೇಳಿರಲಿಲ್ಲ. ಸಿಲಬಸ್ ಮುಗೀತಾ ಎಂದು ಕೇಳಿದ್ದರು.

“ತುಂಬ ಲೆಕ್ಕ ಹಾಕಿದೆ ಸರ್” ಅಂದೆ. “ಬೇರೆ ಬೇರೆ ಅನುಪಾತ ಕೊಟ್ಟು ನೋಡ್ತಾ ಹೋದೆ. ಎರಡು ವಾರ ಆಯ್ತು. ಕೊನೆಗೆ ಈ ಸಂಖ್ಯೆ ಸಿಕ್ತು.”

ಎರಡು ವಾರ ಆದದ್ದು ನಿಜ, ಅನುಪಾತ ಕೊಟ್ಟು ನೋಡಿದ್ದೂ ನಿಜ. ಒಂದಿಷ್ಟು ನಿಜದ ಹಿಟ್ಟು ಇಲ್ಲದೆ ಒಳ್ಳೆಯ ಸುಳ್ಳು ಬೇಯುವುದಿಲ್ಲ. ಅವರು ತಲೆದೂಗಿ ಪುಸ್ತಕದಲ್ಲಿ ಬರೆದುಕೊಂಡರು. ನಾನು ಕತ್ತೆತ್ತಿದರೆ ಎದುರಿಗೆ ಆ ಹುಡುಗಿ ನಿಂತಿದ್ದಳು, ಅವಳ ಪಕ್ಕದಲ್ಲಿ ಮೂವರು ಗೆಳತಿಯರು. ಗೆಳತಿಯರು ನನ್ನನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದರು. ಒಬ್ಬಳು ಇನ್ನೊಬ್ಬಳ ತೋಳು ತಿವಿದಳು.

ಅವಳ ತಾಯಿಗೆ ಇದು ಯಾವುದೂ ಗೊತ್ತಾದಂತಿರಲಿಲ್ಲ. ಹಸಿರು ಸೀರೆ, ಎಣ್ಣೆ ಹಾಕಿ ಬಾಚಿದ ತಲೆ, ಮುಡಿಯಲ್ಲಿ ಹೂವು. ಜನರ ನಡುವೆ ಜಾಗ ಮಾಡಿಕೊಂಡು ಸೀದಾ ಫ್ಲೆಕ್ಸಿನ ಹತ್ತಿರ ಬಂದರು. ಎಡಗೈ ಎತ್ತಿ, ನಡುವಿನ ಮೊದಲ ಸಂದಿಯಲ್ಲಿ ಮೂರು ಬೆರಳು ಇಟ್ಟರು. ಸರಿಯಾಗಿ ಕೂತವು. ಮುಂದಿನದಕ್ಕೆ ಇಟ್ಟರು. ಕೂತವು. ಬಟ್ಟೆ ಅಂಗಡಿಯಲ್ಲಿ ಮೊಳ ಹಾಕುವವರಂತೆ ಒಂದೊಂದೇ ಸುತ್ತು ಹಾಯುತ್ತ ಹೊರಗೆ ಬಂದರು. ಕಡೆಯ ಎರಡು ಸುತ್ತು ಬಂದಾಗ ಕಿರುಬೆರಳನ್ನು ಅರ್ಧ ಮಡಿಸಿ ಪಕ್ಕಕ್ಕೆ ಒತ್ತಿದರು.

ತೀರ್ಪುಗಾರರು ಪುಸ್ತಕದಿಂದ ಕಣ್ಣೆತ್ತಿ ಆ ಕೈಯನ್ನೇ ನೋಡುತ್ತಿದ್ದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವರು ಕೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಎಂದೂ ಅಂದಿರಲಿಲ್ಲ.

“ಮುಟ್ಟಬೇಡಿ ಅಮ್ಮ” ಅಂದೆ. “ಬಣ್ಣ ಹೋಗುತ್ತೆ.”

ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಅವರು ಕೈಯನ್ನು ಬಿಸಿ ತಾಗಿದವರಂತೆ ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು. “ತಪ್ಪಾಯ್ತು ಕಣ್ರವ್ವ” ಅಂದರು. ಫ್ಲೆಕ್ಸಿನ ಬಣ್ಣ ಹೋಗುವುದಿಲ್ಲ. ಮಂಡ್ಯದ ಬೀದಿಗಳಲ್ಲಿ ಮಳೆಬಿಸಿಲು ತಿಂದು ವರ್ಷಗಟ್ಟಲೆ ನಿಂತಿರುವ ಫ್ಲೆಕ್ಸುಗಳನ್ನು ನೋಡಿದವರಿಗೆಲ್ಲ ಅದು ಗೊತ್ತು. ಆ ಹುಡುಗಿಗೂ ಗೊತ್ತು. ಅವಳು ನನ್ನನ್ನು ಒಂದು ಸಲ ನೋಡಿ, ತಾಯಿಯ ಸೆರಗಿನೊಳಗಿನ ಕೈಯನ್ನು ಹಿಡಿದುಕೊಂಡು ಹೊರಗೆ ಕರೆದುಕೊಂಡು ಹೋದಳು. ಗೆಳತಿಯರು ಅವಳ ಹಿಂದೆ ಹೋಗಲಿಲ್ಲ.

ಮೊದಲ ಬಹುಮಾನ ನನಗೇ ಬಂತು. ಫ್ಲೆಕ್ಸನ್ನು ಕಾಲೇಜಿನ ಕಾರಿಡಾರಿನಲ್ಲಿ, ಪ್ರಿನ್ಸಿಪಾಲರ ಕೋಣೆಯ ಎದುರಿಗೆ, ಚೌಕಟ್ಟು ಹಾಕಿಸಿ ನಿಲ್ಲಿಸಿದರು. ಕೆಳಗೆ ನನ್ನ ಹೆಸರು.

ಹಾಸ್ಟೆಲ್ಲಿನಲ್ಲಿ ಏನಾಯಿತು ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮೂರು ಜನ ಕೂರುತ್ತಿದ್ದ ಬೆಂಚಿನಲ್ಲಿ ಅವಳು ಒಬ್ಬಳೇ ಕೂರುತ್ತಿದ್ದಳು. ಒಂದು ದಿನ ಕ್ಲಾಸ್ ಮುಗಿಸಿ ಬರುವಾಗ ಹಿಂದಿನಿಂದ ಯಾರೋ “ಏನಮ್ಮಾ, ಫ್ಲೆಕ್ಸು ನಿಮ್ಮಮ್ಮನೇ ಹೆಣೆದಿದ್ದಂತೆ?” ಎಂದು ರಾಗ ಎಳೆದದ್ದು ಕೇಳಿಸಿತು. ತಾಯಿಯ ಕೆಲಸವನ್ನು ಮುಚ್ಚಿಟ್ಟಾಗ ಅವಳು ಸುಳ್ಳು ಹೇಳಿದ್ದಳು, ಯಾರೂ ಏನೂ ಅನ್ನಲಿಲ್ಲ. ನಿಜ ಹೇಳಿದ ದಿನ ಅವಳನ್ನು ಸುಳ್ಳಿ ಮಾಡಿದವಳು ನಾನು. ನಾನು ತಿರುಗಿ ನೋಡಿ ಒಂದು ಮಾತು ಆಡಬಹುದಿತ್ತು. ಹಾಜರಿ ಪುಸ್ತಕ ಎದೆಗವಚಿಕೊಂಡು ನಡೆದುಬಿಟ್ಟೆ.

ಆಮೇಲಿನ ವಾರ ಲ್ಯಾಬ್ ರೆಕಾರ್ಡುಗಳು ಸಹಿಗೆ ಬಂದವು. ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಂ. ಎಲ್ಲರದ್ದೂ ಒಂದೇ ಥರ ಇರುತ್ತದೆ. ಅವಳದನ್ನು ತೆಗೆದೆ. ಪ್ರೋಗ್ರಾಂ ಇದ್ದದ್ದು ಹದಿನೈದು ಸಾಲು. ಅದರ ಮೇಲೆ ‘ಎಲ್ಲಿಂದ ತಂದದ್ದು’ ಎನ್ನುವ ಕಡೆ ಒಂದು ಪುಟ ಪೂರ್ತಿ ಬರೆದಿದ್ದಳು, ದುಂಡಗಿನ ಅಕ್ಷರದಲ್ಲಿ. ಮೊದಲ ಮೂರು ಸಾಲು ಮೇಡಂ ಬೋರ್ಡಿನ ಮೇಲೆ ಬರೆದದ್ದು. ಐದನೇ ಸಾಲಿನ ತಪ್ಪು ತೋರಿಸಿದ್ದು ಲ್ಯಾಬಿನ ಅಟೆಂಡರ್ ಅಣ್ಣ. ಒಂಬತ್ತನೇ ಸಾಲು ಪುಸ್ತಕದ್ದು, ಇಂಥ ಪುಟ. ಪೆನ್ನು ಖಾಲಿಯಾಗಿತ್ತು, ಪಕ್ಕದ ಬೆಂಚಿನವಳು ಕೊಟ್ಟಳು. ಕಡೆಯಲ್ಲಿ: ಗೆರೆ ಹಾಕಲು ಬಳಸಿದ ಸ್ಕೇಲು ಅಮ್ಮ ಬಿದಿರಿನಲ್ಲಿ ಮಾಡಿಕೊಟ್ಟದ್ದು.

ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ಅದನ್ನು ಕೆಳಗಿಟ್ಟು, ಪಕ್ಕದ ಮೇಜಿನವರ ನೀಲಿ ಪೆನ್ನು ಕೇಳಿ ಸಹಿ ಹಾಕಿದೆ. ಮೈಯೆಲ್ಲ ಬೆವೆತಿತ್ತು. ನಾಚಿಕೆ ಅನ್ನುವುದು ಮನಸ್ಸಿಗೆ ಆಗುವಂಥದ್ದು ಎಂದುಕೊಂಡಿದ್ದೆ. ಅದು ಕುತ್ತಿಗೆಯ ಹಿಂದೆ, ಕಿವಿಯ ಬುಡದಲ್ಲಿ, ಅಂಗೈಯಲ್ಲಿ ಆಗುತ್ತದೆ.

ಆ ಶನಿವಾರ ಯಾರಿಗೂ ಹೇಳದೆ ಮದ್ದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದ್ದೆ. ಅವರು ಅದೇ ಜಾಗದಲ್ಲಿ ಕೂತಿದ್ದರು. ಅದೇ ಕುರ್ಚಿ, ಅದೇ ಸೆರಗಿನ ಒರೆಸು. ನಾನು ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಚಕ್ಕೆಗಳ ನಡುವೆ ಕೂತೆ. ಅದೂ ನಾಟಕ ಅನ್ನಿಸಿ ಇನ್ನಷ್ಟು ಕುಗ್ಗಿದೆ. ತಪ್ಪಾಯಿತು ಅಮ್ಮ, ಅಳತೆ ನಿಮ್ಮದು ಅಂತ ನಾನು ಹೇಳಬೇಕಿತ್ತು, ಹೇಳಲಿಲ್ಲ, ಅಂದೆ.

“ಅಯ್ಯೋ, ಬುಡಿ ಮೇಡಮ್ಮೋರೆ. ಅಳತೆ ಏನು, ಯಾರ್ ಬೇಕಾದ್ರೂ ತಕ್ಕೊಬೌದು. ನಾನೇನು ಕಟ್ಟಿಟ್ಕಂಡಿದ್ದೀನಾ?” ಅಂದರು. ಸ್ವಲ್ಪ ಹೊತ್ತು ಸೀಳು ಹೆರೆದರು. ಆಮೇಲೆ ಎಡಗೈ ತಿರುಗಿಸಿ ನೋಡಿಕೊಂಡು, “ಬಣ್ಣ ಓಯ್ತದೆ ಅಂದ್ರಲ್ಲ, ಅದೊಂದೇ ನಂಗೆ ಇಂಗಾಯ್ತಲ್ಲ ಅನ್ನಿಸ್ತು. ಕೈ ತೊಳ್ಕಂಡೇ ಬಂದಿದ್ದೆ ಕಣವ್ವ. ಸೋಪಾಕಿ ಎರಡ್ಸಲ ತೊಳ್ದಿದ್ದೆ” ಎಂದರು.

ಅವರು ಆ ಮಾತನ್ನು ನಿಜ ಎಂದೇ ತಿಳಿದುಕೊಂಡಿದ್ದರು. ತಮ್ಮ ಕೈಯಲ್ಲೇ ಏನೋ ಇದೆ ಎಂದುಕೊಂಡು ಇಷ್ಟು ದಿನ ಇದ್ದರು. ಇಲ್ಲ ಅಮ್ಮ, ಆ ಬಣ್ಣ ಹೋಗುವುದೇ ಇಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಕತ್ತಿ ಕೆಳಗಿಟ್ಟರು.

“ಎರಡ್ ವರ್ಸದಿಂದ ಕಾಲೇಜ್ ತಾವ್ಕೆ ಬರ್ಬೇಡ ಅಂತಿದ್ಲು ನನ್ ಮಗ್ಳು. ಮಂಡ್ಯಕ್ಕೆ ಓದ್ರೂ ಬಸ್ಟ್ಯಾಂಡ್ನಲ್ಲೇ ಮಾತಾಡ್ಸಿ ಕಳುಸ್ತಿದ್ಲು. ಆವತ್ತು ಅವ್ಳೇ ಸೀರೆ ಎತ್ಕೊಟ್ಲು. ಬಾ ಅಂದ್ಲು. ಅವ್ಳ ಗೆಣೆಕಾರ್ತಿಯರ್ಗೆ, ಇವ್ರೇ ನಮ್ಮಮ್ಮ ಅಂದ್ಲು.” ನಿಲ್ಲಿಸಿ, “ಅದೇ ಮೊದ್ಲು” ಎಂದರು.

ಅವರು ಅತ್ತಿದ್ದರೆ, ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಕುಡಿಯಿರಿ ಎಂದರು. ಕುಡಿದು ಬಂದೆ.

ಸೋಮವಾರ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದೆ. ಮೊದಲ ದಿನ ನಿಂತಿದ್ದ ಬಾಗಿಲ ಹತ್ತಿರವೇ ನಿಂತಳು. ನಾಳೆ ಕ್ಲಾಸಿನಲ್ಲಿ ಎಲ್ಲರ ಮುಂದೆ ನಿಜ ಹೇಳುತ್ತೇನೆ, ಕಾರಿಡಾರಿನ ಚಿತ್ರದ ಕೆಳಗೆ ನಿಮ್ಮಮ್ಮನ ಹೆಸರು ಬರೆಸುತ್ತೇನೆ ಎಂದೆ. ಹೇಳುವಾಗಲೇ ನನಗೆ ಹಗುರಾದಂತೆ ಅನ್ನಿಸತೊಡಗಿತ್ತು.

“ಬೇಡ ಮೇಡಂ” ಎಂದಳು.

“ಯಾಕಮ್ಮ? ನಿನ್ನ ಫ್ರೆಂಡ್ಸ್‌ಗೆ ಗೊತ್ತಾಗಬೇಕಲ್ವಾ?”

“ಆವತ್ತು ಹೇಳಿದ್ರೆ ಅದು ನಮ್ಮಮ್ಮನ ಅಳತೆ ಆಗ್ತಿತ್ತು ಮೇಡಂ. ಈಗ ಹೇಳಿದ್ರೆ ನಿಮ್ಮ ಒಳ್ಳೇತನ ಆಗುತ್ತೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ; ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. “ಅಮ್ಮನ ಹೆಸರು ಎಲ್ಲೂ ಹಾಕಬೇಡಿ. ನಂದೂ ಬೇಡ.”

ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ನಮಸ್ಕಾರ ಮೇಡಂ ಎಂದು ಹೋದಳು.

ಈಗ ಅವಳು ಕೊನೆಯ ವರ್ಷದಲ್ಲಿದ್ದಾಳೆ. ಬೆಂಚಿನಲ್ಲಿ ಅವಳ ಪಕ್ಕ ಮತ್ತೊಬ್ಬಳು ಕೂರುತ್ತಾಳೆ. ಹಳೆಯವರಲ್ಲ, ಮಳವಳ್ಳಿಯಿಂದ ಬಂದ ಹೊಸಬಳು. ನನಗೆ ಎದುರಾದರೆ ನಮಸ್ಕಾರ ಎನ್ನುತ್ತಾಳೆ, ನಿಲ್ಲುವುದಿಲ್ಲ. ಕಾರಿಡಾರಿನ ಚಿತ್ರದಿಂದ ನನ್ನ ಹೆಸರನ್ನಾದರೂ ತೆಗೆಸಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಏನು ವಿನಯ ಮೇಡಂ ನಿಮ್ಮದು ಎಂದು ಅದನ್ನು ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರಿಗೂ ಹೇಳಿ ಹೊಗಳಿದರು. ಯಾರೂ ಇಲ್ಲದಾಗ ನಾನು ಆ ಚಿತ್ರದ ಮುಂದೆ ನಿಂತು ನನ್ನ ಮೂರು ಬೆರಳನ್ನು ಸುತ್ತಿನ ನಡುವೆ ಇಟ್ಟು ನೋಡಿದ್ದೇನೆ. ಎರಡೂ ಕಡೆ ಜಾಗ ಉಳಿಯುತ್ತದೆ.

ಸ್ಫೂರ್ತಿಯ ಫೋಲ್ಡರನ್ನು ಅಳಿಸಿಲ್ಲ, ತೆರೆಯುವುದೂ ಇಲ್ಲ. ತೆರೆದದ್ದು ಚಂದ್ರಿಕೆಯ ಫೈಲನ್ನು, ಒಂದೇ ಒಂದು ಸಲ. ಯಾರು ಬರೆದದ್ದು ಎನ್ನುವ ಕಡೆ ನನ್ನ ಹೆಸರಿತ್ತು, ಏನು ಮಾಡುತ್ತದೆ ಎನ್ನುವುದೂ ಇತ್ತು. ಎಲ್ಲಿಂದ ತಂದದ್ದು ಎನ್ನುವ ಸಾಲನ್ನು ಸೇರಿಸಿ ಬಹಳ ಹೊತ್ತು ಕೂತೆ. ಹೆಸರು ಹಾಕುವಂತಿಲ್ಲ, ಆ ಮಾತನ್ನಾದರೂ ಉಳಿಸಿಕೊಳ್ಳಬೇಕು. ಈ ಬರಹದಲ್ಲಿ ಯಾರ ಹೆಸರೂ ಇಲ್ಲದಿರುವುದು ಅದಕ್ಕೇ. ಕಡೆಗೆ ಬರೆದೆ: ‘ಒಳಗೆ ಮೂರು ಬೆರಳು, ಅಂಚಿಗೆ ಮೂರೂವರೆ. ಬೆರಳು ನನ್ನದಲ್ಲ. ಆ ಕೈ ತೊಳೆದೇ ಇತ್ತು.’